ತಪ್ಪಿಗೂ ಜಾಗ ಕೊಟ್ಟ ಗಣಿತಜ್ಞ

ಮೂವತ್ತು ವರ್ಷಕ್ಕೂ ಮಿಕ್ಕಿ ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಪಾಠ ಹೇಳಿದವನು ನಾನು. ಆ ಅವಧಿಯಲ್ಲಿ ಎಷ್ಟು ಉತ್ತರ ಪತ್ರಿಕೆಗಳನ್ನು ತಿದ್ದಿರಬಹುದೆಂಬ ಲೆಕ್ಕವನ್ನು, ಗಣಿತದ ಮೇಷ್ಟ್ರಾಗಿದ್ದೂ, ನಾನು ಇಟ್ಟವನಲ್ಲ. ಆದರೆ ಕೆಂಪು ಶಾಯಿಯ ಅಧಿಕಾರ ಎಂತಹದೆಂಬುದು ಚೆನ್ನಾಗಿ ಗೊತ್ತು. ಒಂದು ಗೀಟೆಳೆದರೆ ಮುಗಿಯಿತು. ಎಳೆಯ ಮನಸ್ಸೊಂದರ ಅರ್ಧ ಗಂಟೆಯ ಯೋಚನೆ ಅದರ ಅಡಿಯಲ್ಲಿ ಹೂತುಹೋಗುತ್ತದೆ.

ಹೈಸ್ಕೂಲಿನಲ್ಲಿ ಓದುತ್ತಿರುವ ಮೊಮ್ಮಗಳು ಒಂದು ಸಂಜೆ ನನ್ನೆದುರು ಕುಳಿತು, ಪ್ರಶ್ನೆ ಹಾಕಿದರೆ ಉತ್ತರ ಬರೆದುಕೊಡುವ ಈ ಹೊಸ ಯಂತ್ರಗಳಿಗೆ ಪಾಠ ಹೇಳಿದವರು ಯಾರು ತಾತ ಎಂದು ಕೇಳಿದಳು. ನನಗೆ ತಿಳಿಯದು ಎಂದೆ. ತಿಳಿದುಕೊಳ್ಳಬೇಕೆಂಬ ಹಟದಿಂದ ಪುಸ್ತಕಗಳನ್ನು ತರಿಸಿ ಓದತೊಡಗಿದೆ. ಓದುತ್ತ ಹೋದಂತೆ ಹಾದಿ ಮತ್ತೆ ಮತ್ತೆ ಒಬ್ಬನೇ ಮನುಷ್ಯನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಆತ 1954ರಲ್ಲೇ ತೀರಿಕೊಂಡ ಅಲನ್ ಟ್ಯೂರಿಂಗ್.

ಟ್ಯೂರಿಂಗನ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಸಂಕೇತವನ್ನು ಒಡೆದವರಲ್ಲಿ ಪ್ರಮುಖನೆಂದು, ಗಣಕ ವಿಜ್ಞಾನದ ಮೂಲಪುರುಷನೆಂದು ಆತ ಪ್ರಸಿದ್ಧ. 2014ರಲ್ಲಿ ಬಂದ ಹಾಲಿವುಡ್ ಚಿತ್ರವೊಂದು ಆ ಹೆಸರನ್ನು ಮನೆಮನೆಗೆ ತಲುಪಿಸಿತು. ಆದರೆ ಆತನ ಬೇರುಗಳು ನಮ್ಮ ಸೀಮೆಯ ಮಣ್ಣನ್ನೂ ತಾಕಿದ್ದವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತದಲ್ಲಿ ಐಸಿಎಸ್ ಅಧಿಕಾರಿ. ತಾಯಿ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದವರು, ಸದ್ದಿಲ್ಲದೆ ತಿರುಗುವ ಪಂಖಾ ಗಾಲಿಯೊಂದಕ್ಕೆ ಪೇಟೆಂಟ್ ಪಡೆದವರು. ಯಂತ್ರಗಳ ವ್ಯಾಮೋಹ ಮೊಮ್ಮಗನಿಗೆ ಅಲ್ಲಿಂದಲೇ ಬಂದಿರಬೇಕೆಂದು ನನ್ನ ಊಹೆ. ಅಣ್ಣ ಜಾನ್ ಹುಟ್ಟಿದ್ದು ಕೂನೂರಿನಲ್ಲಿ. ಅಲನ್ ಮಾತ್ರ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದ.

ಅಂದಿನ ಆಂಗ್ಲ ಅಧಿಕಾರಿಗಳ ವಾಡಿಕೆಯಂತೆ ತಂದೆ ತಾಯಿ ಭಾರತದಲ್ಲಿ, ಮಕ್ಕಳು ಇಂಗ್ಲೆಂಡಿನಲ್ಲಿ. ಇಬ್ಬರು ಹುಡುಗರೂ ಸಮುದ್ರತೀರದ ಊರೊಂದರಲ್ಲಿ ನಿವೃತ್ತ ಕರ್ನಲ್ ದಂಪತಿಯ ಮನೆಯಲ್ಲಿ ಬೆಳೆದರು. ಅಲನ್ ಮೂರು ವಾರದಲ್ಲಿ ತಾನೇ ತಾನಾಗಿ ಓದಲು ಕಲಿತನಂತೆ. ಅಕ್ಷರಕ್ಕಿಂತ ಅಂಕಿಯ ಮೇಲೆ ಪ್ರೀತಿ ಹೆಚ್ಚು. ಬೀದಿಯಲ್ಲಿ ನಡೆಯುವಾಗ ಪ್ರತಿ ದೀಪದ ಕಂಬದ ಬಳಿಯೂ ನಿಂತು ಅದರ ಕ್ರಮಸಂಖ್ಯೆಯನ್ನು ಓದಿಯೇ ಮುಂದೆ ಹೆಜ್ಜೆ ಇಡುತ್ತಿದ್ದ. ಮಗನ ಮರಣಾನಂತರ, 1959ರಲ್ಲಿ, ತಾಯಿ ಬರೆದು ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಇಂತಹ ಸಂಗತಿಗಳು ಹೇರಳವಾಗಿವೆ. ಮಗನ ಗಣಿತ ಆಕೆಗೆ ಅರ್ಥವಾಗಿರಲಿಕ್ಕಿಲ್ಲ. ಆದರೂ ಅದನ್ನು ಬರೆಯಲೇಬೇಕೆಂಬ ತಾಯಿಯ ಹಟ ಪುಟಪುಟದಲ್ಲೂ ಕಾಣುತ್ತದೆ.

1926ರಲ್ಲಿ ಶೆರ್ಬೋರ್ನ್ ಎಂಬ ಊರಿನ ಶಾಲೆಗೆ ಸೇರಬೇಕಾದಾಗ ದೇಶದಾದ್ಯಂತ ಸಾರ್ವತ್ರಿಕ ಮುಷ್ಕರ. ರೈಲುಗಳಿಲ್ಲ. ಹದಿಮೂರರ ಹುಡುಗ ಸೌಥಾಂಪ್ಟನ್ ಬಂದರಿನಿಂದ ಸುಮಾರು 60 ಮೈಲಿ ಸೈಕಲ್ ತುಳಿದು, ನಡುವೆ ಒಂದು ರಾತ್ರಿ ತಂಗಿ, ಮರುದಿನ ಶಾಲೆಯ ಬಾಗಿಲಲ್ಲಿ ಹಾಜರಾದ. ಶಾಲೆ ಮಾತ್ರ ಈ ಹುಮ್ಮಸ್ಸಿಗೆ ತಕ್ಕದ್ದಾಗಿರಲಿಲ್ಲ. ಕೈಬರಹ ಅಧ್ವಾನ, ನೋಟ್‌ಪುಸ್ತಕದಲ್ಲೆಲ್ಲ ಶಾಯಿಯ ಕಲೆ, ಇಂಗ್ಲಿಷ್‌ನಲ್ಲಿ ತರಗತಿಗೇ ಕೊನೆಯವನು. ವಿಜ್ಞಾನವೊಂದನ್ನೇ ಕಲಿಯುವ ಮನಸ್ಸಿದ್ದರೆ ಈ ಹುಡುಗ ಇಲ್ಲಿ ಕಾಲಹರಣ ಮಾಡುತ್ತಿದ್ದಾನೆ ಎಂಬರ್ಥದ ಷರಾವನ್ನು ಮುಖ್ಯೋಪಾಧ್ಯಾಯರೇ ಬರೆದರು. ಅದೇ ಹುಡುಗ ಕಲನಶಾಸ್ತ್ರದ ಪ್ರಾಥಮಿಕ ಪಾಠವೂ ಇಲ್ಲದೆ ವಿಲೋಮ ಟ್ಯಾಂಜೆಂಟಿನ ಅನಂತ ಶ್ರೇಢಿಯನ್ನು ಸ್ವಂತವಾಗಿ ಕಂಡುಕೊಂಡಿದ್ದ. ಅಲ್ಲೂ ಒಂದು ದೂರು: ಮುಂದಿನದನ್ನು ಮಾಡುವ ಭರದಲ್ಲಿ ಹುಡುಗ ಬುನಾದಿಯ ಲೆಕ್ಕಗಳನ್ನು ಅಲಕ್ಷಿಸುತ್ತಿದ್ದಾನೆ ಎಂದು. ಈ ಷರಾಗಳನ್ನು ಓದುವಾಗ ನನಗೆ ನಗು ಬರಲಿಲ್ಲ. ಇಂಥವನ್ನು ನಾನೂ ಬರೆದಿದ್ದೇನೆ.

ಆ ಶಾಲೆಯಲ್ಲಿ ಆತನಿಗೆ ದಕ್ಕಿದ ದೊಡ್ಡ ಭಾಗ್ಯವೆಂದರೆ ಕ್ರಿಸ್ಟೊಫರ್ ಮೋರ್ಕಾಮ್ ಎಂಬ ಗೆಳೆಯ. ನಕ್ಷತ್ರಗಳು, ರಾಸಾಯನಿಕಗಳು, ಗಣಿತ ಎಂದು ಇಬ್ಬರಿಗೂ ಮಾತು ಮುಗಿಯುತ್ತಿರಲಿಲ್ಲ. 1930ರ ಫೆಬ್ರುವರಿಯಲ್ಲಿ ಕ್ರಿಸ್ಟೊಫರ್ ಕ್ಷಯದಿಂದ ತೀರಿಕೊಂಡ. ಮನಸ್ಸೆಂಬುದು ದೇಹಕ್ಕೆ ಅಂಟಿಕೊಂಡದ್ದೋ, ದೇಹ ಹೋದ ಮೇಲೂ ಅದು ಉಳಿದೀತೋ ಎಂಬ ಪ್ರಶ್ನೆ ಟ್ಯೂರಿಂಗನನ್ನು ಹಿಡಿದದ್ದು ಆ ದುಃಖದಲ್ಲಿ. ಯಂತ್ರ ಯೋಚಿಸಬಲ್ಲುದೇ ಎಂಬ ಮುಂದಿನ ಪ್ರಶ್ನೆಯ ಬೀಜವೂ ಅಲ್ಲೇ ಇತ್ತೆಂದು ಅನೇಕರ ಅಭಿಪ್ರಾಯ. ನನಗೂ ಅದು ಒಪ್ಪಿಗೆ.

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು. ಅಲ್ಲಿ ನಡೆದ ಒಂದು ಪ್ರಸಂಗ ನಮ್ಮ ಅಧ್ಯಾಪಕ ವರ್ಗದವರು ತಿಳಿಯಬೇಕಾದದ್ದು. ಸಂಭವನೀಯತೆಯ ಶಾಸ್ತ್ರದಲ್ಲಿ ಮುಖ್ಯವಾದ ಪ್ರಮೇಯವೊಂದನ್ನು ಟ್ಯೂರಿಂಗ್ ಸ್ವಂತವಾಗಿ ಸಾಧಿಸಿ ಪ್ರಬಂಧ ಬರೆದ. ಅದನ್ನು ಫಿನ್ಲೆಂಡಿನ ಲಿಂಡೆಬರ್ಗ್ 1922ರಲ್ಲೇ ಸಾಧಿಸಿಯಾಗಿತ್ತು. ಹೊಸತಲ್ಲದ್ದಕ್ಕೆ ಮನ್ನಣೆಯೇಕೆ ಎಂದು ಕಾಲೇಜು ಕೈಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಬೇರೆಯವರು ನಡೆದ ದಾರಿಯನ್ನು ನೋಡದೆಯೇ ತುದಿ ಮುಟ್ಟಿದವನ ಕಾಲಿನ ಬಲವನ್ನು ಅದು ಗುರುತಿಸಿತು. 1935ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಟ್ಯೂರಿಂಗ್ ಅಲ್ಲಿಯ ಫೆಲೊ ಆದ. ಮರುವರ್ಷವೇ ಬಂದದ್ದು ಗಣನೀಯ ಸಂಖ್ಯೆಗಳ ಕುರಿತ ಆತನ ಚರಿತ್ರಾರ್ಹ ಲೇಖನ. ಇಂದಿನ ಎಲ್ಲ ಗಣಕಗಳ ತಾತ್ವಿಕ ನಕ್ಷೆ ಅದರಲ್ಲಿದೆ. ಯಂತ್ರವನ್ನು ವಿವರಿಸಹೊರಟ ಆತ ಮೊದಲು ನೋಡಿದ್ದು ಮನುಷ್ಯನನ್ನೇ: ಮಕ್ಕಳ ಲೆಕ್ಕದ ಚೌಕಳಿ ಪುಸ್ತಕದ ಮುಂದೆ ಪೆನ್ಸಿಲ್ ಹಿಡಿದು ಕುಳಿತು, ಒಂದೊಂದೇ ಚೌಕದಲ್ಲಿ ಬರೆಯುತ್ತ ಅಳಿಸುತ್ತ ಹೋಗುವವನನ್ನು. ಮೊಮ್ಮಗಳಿಗೆ ಇದನ್ನು ಹೇಳಿದಾಗ ತನ್ನ ಚೌಕಳಿ ಪುಸ್ತಕವನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

ಯುದ್ಧಕಾಲದ ಕಥೆ ಬಲ್ಲವರೇ ಹೆಚ್ಚು, ಅದನ್ನು ವಿಸ್ತರಿಸುವುದಿಲ್ಲ. ಪೋಲೆಂಡಿನ ಗಣಿತಜ್ಞರು ಹಾಕಿದ ಅಡಿಪಾಯದ ಮೇಲೆ ಬ್ಲೆಚ್ಲಿ ಪಾರ್ಕಿನ ತಂಡ ಕಟ್ಟಿದ ಸಂಕೇತಭೇದನ ಯಂತ್ರಗಳಲ್ಲಿ ಟ್ಯೂರಿಂಗನ ಪಾತ್ರ ಹಿರಿದು. ನನ್ನ ಗಮನ ಸೆಳೆದದ್ದು ನೌಕಾಪಡೆಯ ಸಂದೇಶಗಳಿಗಾಗಿ ಆತ ರೂಪಿಸಿದ ಬೇರೊಂದು ಕ್ರಮ. ಯಾವುದೇ ಊಹೆಯನ್ನು ಥಟ್ಟನೆ ನಂಬಬಾರದು, ಥಟ್ಟನೆ ಬಿಡಲೂಬಾರದು; ದೊರೆತ ಪ್ರತಿಯೊಂದು ಸಾಕ್ಷ್ಯಕ್ಕೂ ಒಂದು ತೂಕವುಂಟು; ಆ ತೂಕಗಳನ್ನು ಕೂಡುತ್ತ ಕಳೆಯುತ್ತ ನಂಬಿಕೆಯನ್ನು ಏರಿಸಬೇಕು, ಇಳಿಸಬೇಕು. ಸಾಕ್ಷ್ಯದ ತೂಕಕ್ಕೆ ಆತ ಡೆಸಿಬ್ಯಾನ್ ಎಂಬ ಅಳತೆಯನ್ನೇ ನಿರ್ಮಿಸಿದ. ಮನುಷ್ಯನ ಅಂತಃಪ್ರಜ್ಞೆ ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸ ಸುಮಾರು ಅಷ್ಟು. ಒಬ್ಬ ವಿದ್ಯಾರ್ಥಿ ದಡ್ಡನೆಂದು ಮೊದಲ ಕಿರುಪರೀಕ್ಷೆಯಲ್ಲೇ ತೀರ್ಮಾನಿಸಿ, ಆಮೇಲೆ ಆತ ಬರೆದ ಸರಿಯುತ್ತರಗಳನ್ನೆಲ್ಲ ನಕಲೆಂದೇ ಶಂಕಿಸಿದ ಮೇಷ್ಟ್ರುಗಳನ್ನು ನಾನು ಬಲ್ಲೆ. ನನ್ನ ಬಗೆಗೇ ನಾನು ಮಾಡಿಕೊಂಡ ತೀರ್ಮಾನಗಳೂ ಇಂಥವೇ. ಸಂಗೀತ ನನಗೆ ಒಲಿಯದೆಂದು ಹತ್ತನೆಯ ವಯಸ್ಸಿನಲ್ಲಿ ನಿರ್ಧರಿಸಿದ್ದೆ. ಅದಕ್ಕೆ ಆಧಾರ ಒಂದೇ ಒಂದು ಶಾಲಾ ವಾರ್ಷಿಕೋತ್ಸವ!

ಇಷ್ಟು ಲೆಕ್ಕಾಚಾರದ ಮನುಷ್ಯ ತನ್ನ ವ್ಯವಹಾರದಲ್ಲಿ ಎಡವಿದ್ದೂ ಉಂಟು. ಯುದ್ಧದಲ್ಲಿ ಹಣದ ಬೆಲೆ ಕುಸಿದೀತೆಂದು ಬೆಳ್ಳಿಯ ಗಟ್ಟಿಗಳನ್ನು ಕೊಂಡು ಬ್ಲೆಚ್ಲಿಯ ಬಳಿ ಹೂತಿಟ್ಟ. ಯುದ್ಧ ಮುಗಿದ ಮೇಲೆ ಎಷ್ಟು ಹುಡುಕಿದರೂ ಜಾಗ ಸಿಗಲಿಲ್ಲ. ಶತ್ರುವಿನ ಗುಟ್ಟು ಬಿಡಿಸಿದವನಿಗೆ ತಾನೇ ಬರೆದಿಟ್ಟ ಗುರುತು ಬಿಡಿಸಲಾಗಲಿಲ್ಲ.

ಈ ಲೇಖನಕ್ಕೆ ನನ್ನನ್ನು ಕೂರಿಸಿದ್ದು 1947ರ ಫೆಬ್ರುವರಿ 20ರಂದು ಲಂಡನ್ ಗಣಿತ ಸಂಘದಲ್ಲಿ ಟ್ಯೂರಿಂಗ್ ಮಾಡಿದ ಉಪನ್ಯಾಸ. ಆಗಿನ್ನೂ ಆತ ವಿನ್ಯಾಸಗೊಳಿಸಿದ ಗಣಕ ತಯಾರಾಗಿರಲಿಲ್ಲ. ಇಲ್ಲದ ಯಂತ್ರದ ಪರವಾಗಿ ಆತ ನ್ಯಾಯ ಕೇಳಿದ. ಯಂತ್ರ ಎಂದೂ ತಪ್ಪಬಾರದೆಂದು ನಿರೀಕ್ಷಿಸುವುದಾದರೆ ಅದರಿಂದ ಬುದ್ಧಿವಂತಿಕೆಯನ್ನೂ ನಿರೀಕ್ಷಿಸಲಾಗದು ಎಂಬುದು ಆತನ ವಾದದ ತಿರುಳು. ಗಣಿತಜ್ಞನೊಬ್ಬ ಹೊಸ ವಿಧಾನವನ್ನು ಪ್ರಯತ್ನಿಸುವಾಗ ಭಾರಿ ಪ್ರಮಾದಗಳನ್ನು ಮಾಡುತ್ತಾನೆ. ನಾವು ಅವನ್ನು ಲೆಕ್ಕಕ್ಕಿಡದೆ ಇನ್ನೊಂದು ಅವಕಾಶ ಕೊಡುತ್ತೇವೆ. ಯಂತ್ರಕ್ಕೆ ಮಾತ್ರ ಆ ಕರುಣೆ ತೋರುವುದಿಲ್ಲ. ಒಳ್ಳೆಯ ಶಿಷ್ಯ ಗುರುವಿನಿಂದ ಕಲಿತು, ಅದಕ್ಕಿಂತ ಹೆಚ್ಚಿನದನ್ನು ಸ್ವಂತ ದುಡಿಮೆಯಿಂದ ಸೇರಿಸುವಂತೆ, ಯಂತ್ರವೂ ಅನುಭವದಿಂದ ತನ್ನ ಸೂಚನೆಗಳನ್ನು ತಾನೇ ತಿದ್ದಿಕೊಳ್ಳುವ ದಿನ ಬರಬಹುದೆಂದೂ ಆತ ಅಂದೇ ಕಂಡಿದ್ದ.

ಗಣಿತಜ್ಞರಿಗೆ ಸಿಗುವ ಆ ಇನ್ನೊಂದು ಅವಕಾಶವನ್ನು ನಾನು ಕೊಟ್ಟಿದ್ದೆನೇ? ಒಬ್ಬ ಹುಡುಗನ ನೆನಪಾಗುತ್ತದೆ. ಆಂತರಿಕ ಪರೀಕ್ಷೆಯೊಂದರಲ್ಲಿ, ಕೆಲವು ಷರತ್ತುಗಳಿಗೆ ಹೊಂದುವ ಸಂಖ್ಯೆಯನ್ನು ಕಂಡುಹಿಡಿಯುವ ಪ್ರಶ್ನೆ ಕೊಟ್ಟಿದ್ದೆ. ಸಮೀಕರಣ ಬರೆದು ಬಿಡಿಸಬೇಕಾದದ್ದು. ಆ ಹುಡುಗ ಅಂಚಿನಲ್ಲೆಲ್ಲ ಎಲ್ಲೆಲ್ಲಿಯದೋ ಸಂಖ್ಯೆಗಳನ್ನು ಗೀಚಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಹಾರುತ್ತ, ಹತ್ತಾರು ಬಾರಿ ತಪ್ಪಿ, ಕೊನೆಗೆ ಸರಿಯುತ್ತರ ಬರೆದಿದ್ದ. ನಾನು ಸೊನ್ನೆ ಕೊಟ್ಟೆ. ತರಗತಿಯ ಮುಂದೆ ಆ ಹಾಳೆಯನ್ನು ಎತ್ತಿ ತೋರಿಸಿದೆ. ಎಲ್ಲರೂ ನಕ್ಕರು, ಆತನೂ ನಕ್ಕ. ಮುಂದೆ ಆತ ಗಣಿತ ಬಿಟ್ಟು ಬೇರೆ ವಿಷಯ ಓದಿದನೆಂದು ಕೇಳಿದೆ. ಅದಕ್ಕೆ ನಾನೇ ಕಾರಣವೆಂದು ಹೇಳಲಾರೆ; ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ.

1950ರಲ್ಲಿ ‘ಮೈಂಡ್’ ಎಂಬ ತತ್ತ್ವಶಾಸ್ತ್ರದ ನಿಯತಕಾಲಿಕದಲ್ಲಿ ಟ್ಯೂರಿಂಗ್ ಪ್ರಕಟಿಸಿದ ಲೇಖನದ ಕೊನೆಯ ಪುಟಗಳನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಎದ್ದು ಓಡಾಡಿದೆ. ಅಲ್ಲಿ ಆತ ಕೊಡುವ ಉದಾಹರಣೆ ಇದು: 50ರಿಂದ 200ರೊಳಗೆ, ತನ್ನ ಅಂಕಿಗಳ ಮೊತ್ತದ ವರ್ಗಕ್ಕೆ ಸಮನಾದ ಸಂಖ್ಯೆಯನ್ನು ಹುಡುಕಬೇಕು. 51ರಿಂದ ಕ್ರಮವಾಗಿ ಹೊರಡಬಹುದು, ಇಲ್ಲವೇ ಮನಸ್ಸಿಗೆ ತೋಚಿದ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. ಕ್ರಮವಾಗಿ ಹೋಗುವವನು ಉತ್ತರವೇ ಇಲ್ಲದ ದೊಡ್ಡ ಬಯಲಲ್ಲಿ ಮೊದಲಿಗೇ ಸಿಕ್ಕಿಕೊಳ್ಳುವ ಅಪಾಯವುಂಟು. ಕಲಿಯುವ ಯಂತ್ರದಲ್ಲಿ ಸ್ವಲ್ಪ ಯಾದೃಚ್ಛಿಕತೆ ಇರುವುದೇ ಲೇಸು ಎಂಬುದು ಆತನ ಅಭಿಪ್ರಾಯ. (ಉತ್ತರ 81; ಎಂಟೂ ಒಂದೂ ಒಂಬತ್ತು, ಒಂಬತ್ತರ ವರ್ಗ 81.) ನಾನು ಸೊನ್ನೆ ಕೊಟ್ಟ ಹುಡುಗನ ದಾರಿಯನ್ನು ಆತ ತನ್ನ ಯಂತ್ರಕ್ಕೆ ಶಿಫಾರಸು ಮಾಡಿದ್ದ.

ಅದೇ ಲೇಖನದಲ್ಲಿ ಮಗು-ಯಂತ್ರದ ಕಲ್ಪನೆ ಬರುತ್ತದೆ. ಪ್ರೌಢ ಮನಸ್ಸನ್ನು ನೇರವಾಗಿ ಕಟ್ಟಹೊರಡುವ ಬದಲು ಮಗುವಿನ ಮನಸ್ಸಿನಂತಹದನ್ನು ಕಟ್ಟಿ ಅದಕ್ಕೆ ಶಿಕ್ಷಣ ಕೊಡಬಾರದೇಕೆ ಎಂದು ಆತ ಕೇಳಿದ. ಅಂಗಡಿಯಿಂದ ತಂದ ಹೊಸ ನೋಟ್‌ಪುಸ್ತಕದಂತೆ, ಯಂತ್ರಾಂಶ ಕಡಿಮೆ, ಖಾಲಿ ಹಾಳೆ ಹೆಚ್ಚು. ಇಂತಹ ಯಂತ್ರವನ್ನು ಶಾಲೆಗೆ ಕಳಿಸಿದರೆ ಉಳಿದ ಮಕ್ಕಳು ಗೇಲಿ ಮಾಡಿಯಾರೆಂಬ ಚಿಂತೆಯನ್ನೂ ಆತ ಹಾಸ್ಯದಲ್ಲಿ ಸೇರಿಸಿದ. ಬಹುಮಾನ ಮತ್ತು ದಂಡನೆಗಳಿಂದ ಕಲಿಸಬಹುದು, ಆದರೆ ಅವಷ್ಟೇ ಸಾಲವು. ಮಾತಿನ ಸಂಪರ್ಕವೂ ಬೇಕು. ಹೆಲನ್ ಕೆಲ್ಲರ್ ಅವರನ್ನು ನೆನೆದು, ಗುರುವಿನಿಂದ ಶಿಷ್ಯನಿಗೂ ಶಿಷ್ಯನಿಂದ ಗುರುವಿಗೂ ಸಂವಹನವಿದ್ದಲ್ಲಿ ಯಾವುದೋ ಬಗೆಯಿಂದ ಶಿಕ್ಷಣ ಸಾಧ್ಯ ಎಂದ. ಶಿಷ್ಯಯಂತ್ರದ ಒಳಗೆ ನಡೆಯುತ್ತಿರುವುದೇನೆಂದು ಗುರುವಿಗೆ ಬಹುಮಟ್ಟಿಗೆ ತಿಳಿದಿರುವುದಿಲ್ಲವೆಂದೂ ಸೂಚಿಸಿದ. ತಾನೇ ಅಂತಹ ಮಗು-ಯಂತ್ರವೊಂದರ ಮೇಲೆ ಕೆಲವು ಪ್ರಯೋಗಗಳನ್ನು ಮಾಡಿದ್ದಾಗಿಯೂ, ಬೋಧನಾಕ್ರಮ ತೀರ ವಿಚಿತ್ರವಾಗಿದ್ದರಿಂದ ಅದನ್ನು ಯಶಸ್ಸೆನ್ನಲಾಗದೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ವಿದ್ವತ್ ಲೇಖನಗಳಲ್ಲಿ ಇಂತಹ ಒಪ್ಪಿಗೆ ಅಪರೂಪ.

ಇದಕ್ಕೂ ಮೊದಲು, 1948ರಲ್ಲಿ, ತಾನು ದುಡಿಯುತ್ತಿದ್ದ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಇದೇ ವಿಷಯದ ವರದಿಯೊಂದನ್ನು ಸಲ್ಲಿಸಿದ್ದ. ಅಲ್ಲಿಯ ನಿರ್ದೇಶಕರು ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ಮೊಮ್ಮಗ, ಅದೇ ಹೆಸರಿನವರು. ಅವರಿಗೆ ಅದು ಶಾಲಾ ಹುಡುಗನ ಪ್ರಬಂಧದಂತೆ ಕಂಡಿತು. ಅದು ಅಚ್ಚಾಗಿ ಹೊರಬಂದದ್ದು ಲೇಖಕ ತೀರಿಕೊಂಡು ಹದಿನಾಲ್ಕು ವರ್ಷಗಳಾದ ಮೇಲೆ, 1968ರಲ್ಲಿ. ಆ ವರದಿಯಲ್ಲೊಂದು ಮಾತಿದೆ: ಏಕಾಂಗಿಯಾದ ಮನುಷ್ಯ ಬೌದ್ಧಿಕ ಶಕ್ತಿಯನ್ನು ಬೆಳೆಸಿಕೊಳ್ಳಲಾರ, ಬದುಕಿನ ಮೊದಲ ಇಪ್ಪತ್ತು ವರ್ಷ ಇತರರ ನಡುವೆ ಮುಳುಗಿ ಅವರ ಕೌಶಲಗಳನ್ನು ಹೀರಿಕೊಂಡರೆ ಮಾತ್ರ ಆಮೇಲೆ ತನ್ನದೆನ್ನುವ ಸ್ವಲ್ಪವನ್ನು ಸೇರಿಸಿಯಾನು. ಜೀವಮಾನವೆಲ್ಲ ಒಂಟಿಯೆನಿಸಿಕೊಂಡವನು ಬರೆದದ್ದೆಂದು ನೆನೆದಾಗ ಈ ಮಾತಿನ ಭಾರ ಹೆಚ್ಚುತ್ತದೆ. ಮೋರ್ಕಾಮ್ ಇಲ್ಲದ ಟ್ಯೂರಿಂಗನನ್ನು ಊಹಿಸುವುದು ನನಗಂತೂ ಕಷ್ಟ.

ಇಂದಿನ ಯಂತ್ರಗಳು ಕಲಿಯುವ ಬಗೆಯನ್ನು ಮೊಮ್ಮಗಳಿಗೆ ಹೀಗೆ ವಿವರಿಸಿದೆ. ಆರಂಭದಲ್ಲಿ ಅವುಗಳೊಳಗಿರುವುದು ಗೊತ್ತುಗುರಿಯಿಲ್ಲದ ಸಂಖ್ಯೆಗಳ ರಾಶಿ. ಒಂದು ವಾಕ್ಯದ ಮುಂದಿನ ಪದವನ್ನು ಊಹಿಸೆಂದರೆ ಊಹೆ ತಪ್ಪುತ್ತದೆ. ಎಷ್ಟು ತಪ್ಪಿತೆಂಬುದನ್ನು ಅಳೆದು, ಆ ಅಳತೆಗೆ ತಕ್ಕಂತೆ ಪ್ರತಿ ಸಂಖ್ಯೆಯನ್ನೂ ಎಳ್ಳಷ್ಟು ಸರಿಸುತ್ತಾರೆ. ಮತ್ತೆ ಊಹೆ, ಮತ್ತೆ ತಪ್ಪು, ಮತ್ತೆ ಎಳ್ಳಷ್ಟು ತಿದ್ದುಪಡಿ; ಹೀಗೆ ಎಣಿಕೆಗೆ ಸಿಗದಷ್ಟು ಸಲ. ತಪ್ಪೇ ಇಲ್ಲಿ ಪಾಠ. ತಪ್ಪು ಇಲ್ಲವೆಂದಾದರೆ ತಿದ್ದಲು ಏನೂ ಇಲ್ಲ. 2017ರಲ್ಲಿ ಬಂದ ಆಲ್ಫಾಗೋ ಜೀರೋ ಎಂಬ ವ್ಯವಸ್ಥೆಗೆ ಗೋ ಆಟದ ನಿಯಮಗಳನ್ನಷ್ಟೇ ಕೊಟ್ಟಿದ್ದರು. ಮೊದಮೊದಲು ಅಡ್ಡಾದಿಡ್ಡಿ ನಡೆಗಳನ್ನಿಡುತ್ತ, ತನ್ನೊಡನೆ ತಾನೇ ಆಡುತ್ತ, ಮೂರು ದಿನಗಳಲ್ಲಿ ಅದು ವಿಶ್ವಶ್ರೇಷ್ಠ ಆಟಗಾರ ಲೀ ಸೆಡಾಲ್‌ರನ್ನು ಸೋಲಿಸಿದ್ದ ತನ್ನ ಹಿಂದಿನ ಆವೃತ್ತಿಯನ್ನು ನೂರಕ್ಕೆ ನೂರು ಆಟಗಳಲ್ಲೂ ಮಣಿಸಿತು.

ಯಂತ್ರಗಳನ್ನು ತರಬೇತುಗೊಳಿಸುವವರಲ್ಲಿ ಇನ್ನೊಂದು ಎಚ್ಚರವುಂಟು. ಅಭ್ಯಾಸಕ್ಕೆ ಕೊಟ್ಟ ಉದಾಹರಣೆಗಳಿಂದ ಅವರು ಅಂತಿಮ ಪರೀಕ್ಷೆ ಮಾಡುವುದಿಲ್ಲ. ಯಂತ್ರ ಎಂದೂ ಕಾಣದ ಉದಾಹರಣೆಗಳನ್ನು ಬೇರೆಯಾಗಿ ತೆಗೆದಿಟ್ಟಿರುತ್ತಾರೆ. ಅಭ್ಯಾಸದಲ್ಲಿ ನೂರಕ್ಕೆ ನೂರು ಪಡೆದು ಹೊಸತರಲ್ಲಿ ಮುಗ್ಗರಿಸಿದರೆ ಅದು ಕಲಿತಿಲ್ಲ, ಬಾಯಿಪಾಠ ಮಾಡಿದೆ ಎಂದರ್ಥ. ಅದನ್ನು ಅವರು ಓವರ್‌ಫಿಟಿಂಗ್ ಎಂಬ ದೋಷವೆಂದು ಪರಿಗಣಿಸುತ್ತಾರೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಕಟ್ಟು ಹಿಡಿದು ಅದರಾಚೆ ಒಂದು ಹೆಜ್ಜೆಯನ್ನೂ ಇಡದ ನಮ್ಮ ಕೋಚಿಂಗ್ ಪದ್ಧತಿಯಲ್ಲಿ ಇದನ್ನೇ ರ್‍ಯಾಂಕ್ ಎಂದು ಕರೆದು ಭಾವಚಿತ್ರ ಸಹಿತ ಜಾಹೀರಾತು ಕೊಡುತ್ತಾರೆ. ನಾನೂ ಆ ಕಟ್ಟುಗಳನ್ನು ಹಂಚಿದವನೇ.

ಹಾಗೆಂದು ಮಕ್ಕಳನ್ನು ಯಂತ್ರದಂತೆ ಬೆಳೆಸಿರೆಂದು ನನ್ನ ಮಾತನ್ನು ಯಾರೂ ತಿಳಿಯಬಾರದು. ಯಂತ್ರಕ್ಕೆ ಲಕ್ಷ ಸಲ ತಪ್ಪಿದರೂ ನಾಚಿಕೆಯಿಲ್ಲ. ಮಗುವಿಗೆ ಒಂದು ಸಲ ತಪ್ಪಿದರೂ ಕಿವಿ ಕೆಂಪಾಗುತ್ತದೆ. ಲಕ್ಷ ಉದಾಹರಣೆ ಬೇಡುವುದನ್ನು ಮಗು ನಾಲ್ಕಾರು ಉದಾಹರಣೆಗಳಲ್ಲಿ ಗ್ರಹಿಸುತ್ತದೆ ಎಂಬುದೂ ನಿಜ. ಹೋಲಿಕೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುವುದು ಒಳ್ಳೆಯದು.

ಟ್ಯೂರಿಂಗನ ಕೊನೆಯ ವರ್ಷಗಳಿಗೆ ಬರೋಣ. 1948ರಿಂದ ಆತ ಮ್ಯಾಂಚೆಸ್ಟರ್‌ನಲ್ಲಿದ್ದ. ಚದುರಂಗದ ಕ್ರಮವಿಧಿಯೊಂದನ್ನು ಬರೆದಿದ್ದ. ಅದನ್ನು ನಡೆಸುವ ಯಂತ್ರವಿಲ್ಲದ್ದರಿಂದ 1952ರಲ್ಲಿ ಕಾಗದದ ಮೇಲೆ ತಾನೇ ಯಂತ್ರದಂತೆ ಲೆಕ್ಕ ಹಾಕಿ, ಸಹೋದ್ಯೋಗಿ ಅಲಿಕ್ ಗ್ಲೆನಿಯ ವಿರುದ್ಧ ಆಡಿದ. ಯಂತ್ರ 29 ನಡೆಗಳಲ್ಲಿ ಸೋತಿತು. ಅದೇ ವರ್ಷ ಪ್ರಾಣಿ ಸಸ್ಯಗಳ ಮೈಮೇಲೆ ವಿನ್ಯಾಸಗಳು ಮೂಡುವ ಬಗೆಯನ್ನು ರಸಾಯನ ಮತ್ತು ಗಣಿತಗಳಿಂದ ವಿವರಿಸುವ ಲೇಖನ ಪ್ರಕಟವಾಯಿತು. ನಲವತ್ತರ ಹೊಸ್ತಿಲಲ್ಲಿ ಪೂರಾ ಹೊಸದಾದ ಶಾಸ್ತ್ರವೊಂದಕ್ಕೆ ಶಿಷ್ಯನಾಗಿ ಸೇರಿದವನ ಕೆಲಸ ಅದು.

ಆ ವರ್ಷವೇ ಮನೆಯಲ್ಲಿ ಕಳವಾಯಿತೆಂದು ಪೊಲೀಸರಿಗೆ ದೂರು ಕೊಟ್ಟ. ವಿಚಾರಣೆಯಲ್ಲಿ ಇನ್ನೊಬ್ಬ ಪುರುಷನೊಡನೆ ಆತನಿಗಿದ್ದ ಸಂಬಂಧ ಹೊರಬಿತ್ತು. ಅಂದಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. ಸೆರೆಮನೆಯ ಬದಲು ಒಂದು ವರ್ಷ ಹಾರ್ಮೋನು ಚಿಕಿತ್ಸೆಗೆ ಒಳಗಾಗಬೇಕಾಯಿತು. ತಪ್ಪಬಹುದಾದ ಯಂತ್ರಕ್ಕೆ ಕರುಣೆ ಕೇಳಿದವನನ್ನು, ತಪ್ಪೇ ಅಲ್ಲದ್ದಕ್ಕಾಗಿ ತಿದ್ದಹೊರಟಿತ್ತು ಆತನ ದೇಶ. ಅಂತಹ ಕಾನೂನನ್ನೇ ಆಂಗ್ಲರು 1860ರಲ್ಲಿ ನಮ್ಮ ದಂಡಸಂಹಿತೆಯಲ್ಲೂ ಇಟ್ಟುಹೋಗಿದ್ದರು. ಸಮ್ಮತಿಯ ಸಂಬಂಧಗಳ ಮಟ್ಟಿಗೆ ಅದನ್ನು ನಮ್ಮ ಸುಪ್ರೀಂ ಕೋರ್ಟು ಅಸಿಂಧುಗೊಳಿಸಿದ್ದು 2018ರಲ್ಲಿ. ಬ್ರಿಟಿಷ್ ಪ್ರಧಾನಿ ಟ್ಯೂರಿಂಗನ ವಿಷಯದಲ್ಲಿ ಕ್ಷಮೆ ಯಾಚಿಸಿದ್ದು 2009ರಲ್ಲಿ, ರಾಜಕ್ಷಮೆ ದೊರೆತದ್ದು 2013ರಲ್ಲಿ. 2021ರಲ್ಲಿ ಆತನ ಚಿತ್ರ 50 ಪೌಂಡಿನ ನೋಟಿನ ಮೇಲೆ ಬಂತು.

1954ರ ಜೂನ್ 7ರಂದು ವಿಲ್ಮ್‌ಸ್ಲೊ ಊರಿನ ಮನೆಯಲ್ಲಿ ಟ್ಯೂರಿಂಗ್ ಸಯನೈಡ್ ವಿಷದಿಂದ ಮೃತಪಟ್ಟ. ಇನ್ನೂ 42 ತುಂಬಿರಲಿಲ್ಲ. ವಿಚಾರಣೆ ಅದನ್ನು ಆತ್ಮಹತ್ಯೆಯೆಂದು ದಾಖಲಿಸಿತು. ತಾಯಿ ಕೊನೆಯವರೆಗೂ ಅದನ್ನು ಆಕಸ್ಮಿಕವೆಂದೇ ನಂಬಿದ್ದರು. ತೀರ್ಪಿಗೆ ಆಧಾರ ಸಾಲದೆಂದು ಇತ್ತೀಚಿನ ವಿದ್ವಾಂಸರಲ್ಲೂ ಕೆಲವರು ವಾದಿಸಿದ್ದಾರೆ. ಆಗ ಆತನ ಕೈಯಲ್ಲಿದ್ದ ಕೆಲಸ ಸೂರ್ಯಕಾಂತಿಯ ಬೀಜಗಳು ಹೆಣೆದುಕೊಳ್ಳುವ ಸುರುಳಿಗಳ ಗಣಿತ. ಅದು ಅರ್ಧಕ್ಕೆ ನಿಂತಿತ್ತು. ವಿಶ್ವವಿದ್ಯಾಲಯದ ಗಣಕವನ್ನು ಮಂಗಳವಾರ ಸಂಜೆಗೆಂದು, ಎಂದಿನಂತೆ, ಕಾದಿರಿಸಿದ್ದ. ಸೋಮವಾರ ಆತ ತೀರಿಕೊಂಡದ್ದು ತಿಳಿಯದ ಎಂಜಿನಿಯರುಗಳು ಮರುದಿನ ಸಂಜೆ ಯಂತ್ರದ ಬಳಿ ಆತನಿಗಾಗಿ ಕಾಯುತ್ತಿದ್ದರು.